ಓವನ್ನಿನ ಹೊಟ್ಟೆಯಲ್ಲಿ ಸಿಕ್ಕಿದ್ದು

ಕೊಡಗಿನ ಮಳೆಯನ್ನು ಪ್ರವಾಸಿಗರು ಮೊಬೈಲಿನಲ್ಲಿ ತುಂಬಿಕೊಂಡು ಹೋಗುತ್ತಾರೆ. ಇಲ್ಲೇ ಇರುವವರಿಗೆ ಅದನ್ನು ಒಣಗಿಸುವ ಕೆಲಸ. ಜೂನ್ ಬಂತೆಂದರೆ ಸುಂಟಿಕೊಪ್ಪದ ಆಚೆಗಿನ ನಮ್ಮ ಮನೆಯಲ್ಲಿ ಉಪ್ಪಿನ ಜಾಡಿಯೊಳಗೆ ನೀರು ನಿಲ್ಲುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಮಾತ್ರ ಉದುರುತ್ತದೆ, ಹಪ್ಪಳವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಡಬಹುದು. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಹಿಡಿದು, ನೇಯ್ದವನು ಹಾಕದ ಬುಟ್ಟಾ ಮೂಡಿರುತ್ತದೆ. ಮಡಿಕೇರಿಯಿಂದ 30 ಕಿಲೋಮೀಟರ್ ಇಳಿದರೆ ಕುಶಾಲನಗರ. ಎಷ್ಟೋ ಸಲ ಅಲ್ಲಿ ಜನ ಕೊಡೆ ಮಡಚಿಕೊಂಡು ಬಿಸಿಲಲ್ಲಿ ಓಡಾಡುತ್ತಿರುತ್ತಾರೆ. ಒದ್ದೆ ಬಟ್ಟೆಯ ಮೂಟೆ ಕಟ್ಟಿ, ಬಸ್ಸು ಹತ್ತಿ, ಅಲ್ಲಿರುವ ಮಗಳ ಮನೆಯ ತಾರಸಿಯಲ್ಲಿ ಹರವಿ ಬಂದವರೊಬ್ಬರನ್ನು ನಾನು ಬಲ್ಲೆ. ಹೆಸರು ಹೇಳಿದರೆ ನಮ್ಮ ಅತ್ತೆಗೆ ಬೇಸರವಾಗುತ್ತದೆ.

ಇಂಥ ಮನೆಗೆ ಓವನ್ ಬೇಕೆಂದು ಹಟ ಹಿಡಿದವಳು ನಾನು. ಕೇಕ್ ಮಾಡಲೆಂದು. ಮಾಜಿ ಸೈನಿಕರ ಕ್ಯಾಂಟೀನಿನಿಂದ ಮಾವನ ಕಾರ್ಡಿನಲ್ಲಿ ಅದು ಬಂತು. ಮೇಲೆರಡು ರಾಡು, ಕೆಳಗೆರಡು ರಾಡು, ಮುಂದೆ ಗಾಜಿನ ಬಾಗಿಲು. ಬಂದ ದಿನ ಅತ್ತೆ ಅದನ್ನು ದೂರದಿಂದಲೇ ನೋಡಿ, "ಇದರಲ್ಲಿ ಅನ್ನ ಆಗ್ತದಾ?" ಎಂದು ಕೇಳಿದ್ದರು. ಆಗುವುದಿಲ್ಲ ಎಂದೆ. ಅಲ್ಲಿಗೆ ಅವರ ಮಟ್ಟಿಗೆ ಆ ವಿಷಯ ಮುಗಿಯಿತು. ಮುಗಿಯಿತು ಎಂದು ನಾನು ತಿಳಿದುಕೊಂಡಿದ್ದೆ.

ಜುಲೈ ಕೊನೆಗೆ ಒಂದು ಸಂಜೆ ರಾಗಿ ಬಿಸ್ಕತ್ತಿಗೆ ಇಟ್ಟರೆ ಮೇಲೆಲ್ಲ ಕರಕಲು, ಕೆಳಗೆ ಹಸಿ ಹಿಟ್ಟು. ಬಗ್ಗಿ ನೋಡಿದರೆ ಕೆಳಗಿನ ಎರಡೂ ರಾಡು ತಣ್ಣಗಿವೆ. ಅಡುಗೆಮನೆಯಲ್ಲಿ ವಿಚಾರಣೆ ಶುರುವಾಯಿತು. ನಾನು ಯಾರನ್ನೂ ಏನೂ ಕೇಳಿರಲಿಲ್ಲ, ಎಲ್ಲರೂ ತಾವಾಗಿಯೇ ಹೇಳಿಕೆ ಕೊಟ್ಟರು. ಅತ್ತೆ, "ನಾನಂತೂ ಅದರ ಹತ್ತಿರ ಸುಳಿಯುವುದಿಲ್ಲ" ಎಂದರು. ಯಜಮಾನರು ತಮಗೆ ಅದನ್ನು ಹಚ್ಚಲಿಕ್ಕೇ ಬರುವುದಿಲ್ಲ ಎಂದರು. ಕಾಫಿ ತೋಟದ ಸ್ಪ್ರಿಂಕ್ಲರ್ ಮೋಟಾರು ಬಿಚ್ಚಿ ಜೋಡಿಸುವ ಮನುಷ್ಯ. ಒಂಬತ್ತನೇ ಕ್ಲಾಸಿನ ಮಗ, "ಅಮ್ಮಾ, ನಂಗೆ ಟೆಸ್ಟ್ ಉಂಟು" ಎಂದು ಎದ್ದು ಹೋದ. ಮಾವ ಸೇನೆಯ ಇ.ಎಂ.ಇ.ಯಲ್ಲಿ, ಅಂದರೆ ಬಂದೂಕಿನಿಂದ ಟ್ಯಾಂಕಿನವರೆಗೆ ಎಲ್ಲವನ್ನೂ ರಿಪೇರಿ ಮಾಡುವ ವಿಭಾಗದಲ್ಲಿ, ಹವಾಲ್ದಾರರಾಗಿ ನಿವೃತ್ತರಾದವರು. ಅವರು ಗಂಭೀರವಾಗಿ, "ಕೆಡಿಸುವವರು ಬೇರೆ, ರಿಪೇರಿ ಮಾಡುವವರು ಬೇರೆ. ನಾನು ಎರಡನೇ ಜಾತಿ" ಎಂದರು.

ಮೊದಲು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಅಂಗಳದ ತುದಿಯ ಹಲಸಿನ ಮರದಡಿ ಮಾತ್ರ ನೆಟ್‌ವರ್ಕ್ ಸಿಗುವುದರಿಂದ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು, ಕಾಲಲ್ಲಿ ಜಿಗಣೆ. ಆ ಕಡೆಯ ಹುಡುಗಿ ಬಹಳ ಹೊತ್ತು ಸಂಗೀತ ಕೇಳಿಸಿ, ಪಿನ್‌ಕೋಡ್ ಕೇಳಿ, ಈ ಪಿನ್‌ಕೋಡಿಗೆ ಸರ್ವಿಸ್ ಇಲ್ಲ, ಓವನ್ನನ್ನು ಮೈಸೂರಿಗೆ ತನ್ನಿ ಎಂದಳು. ಮೈಸೂರು ನಮಗೆ ನೂರು ಕಿಲೋಮೀಟರಿಗೂ ಮೇಲೆ. ಆಮೇಲೆ ದನಿ ಬದಲಿಸಿ, "ಮೇಡಂ, ನೀವು ಕೂರ್ಗ್‌ನಲ್ಲೇ ಇರೋದಾ? ಸೋ ಲಕ್ಕಿ! ಈಗ ವೆದರ್ ಹೇಗಿದೆ?" ಎಂದು ವಿಚಾರಿಸಿದಳು. ಕೊಡೆಯ ತೂತಿನಿಂದ ಒಂದು ಹನಿ ಸರಿಯಾಗಿ ಕಿವಿಯೊಳಗೆ ಬಿತ್ತು. ಚೆನ್ನಾಗಿದೆ ಎಂದೆ.

ಹಾಗಾಗಿ ಕಾರ್ಯಾಚರಣೆ ಮಾವನ ಕೈಗೆ ಹೋಯಿತು. ಅವರು ಪ್ಲಗ್ ಕಿತ್ತು, ಕಿತ್ತದ್ದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಓವನ್ನನ್ನು ಕವುಚಿ ಹಾಕಿದರು. ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೈಲ್ ಮುಹೂರ್ತಕ್ಕೆ ಕೋವಿ ಒರೆಸಲೆಂದು ಇಟ್ಟಿದ್ದ ಎಣ್ಣೆಯ ಡಬ್ಬಿ ಬಂತು. ಹಬ್ಬಕ್ಕೆ ಇನ್ನೂ ತಿಂಗಳಿದ್ದರೂ ಓವನ್ನಿನ ಸ್ಕ್ರೂಗಳಿಗೆ ಮುಂಚಿತವಾಗಿ ಆಯುಧಪೂಜೆ ಆಯಿತು. ಎಣ್ಣೆ ಇಳಿಯಲಿ ಎಂದು ಒಂದು ಕಾಫಿಯಷ್ಟು ಹೊತ್ತು ಬಿಟ್ಟು, ಅಷ್ಟರಲ್ಲಿ ತಳದ ಪುಡಿತಟ್ಟೆಯನ್ನು ಎಳೆದರು.

ಆ ತಟ್ಟೆಯಲ್ಲಿ ನಮ್ಮ ಇಡೀ ಸಂಸಾರ ಬಿದ್ದಿತ್ತು.

ಕೇಕಿನ ಚೂರು ಎಲ್ಲೋ ಒಂದೆರಡು. ಉಳಿದಂತೆ ಕಲ್ಲುಪ್ಪಿನ ಹರಳು, ಹಪ್ಪಳದ ಅಂಚು. ಎಲ್ಲರೂ ಅತ್ತೆಯ ಕಡೆ ನೋಡಿದೆವು; ಅವರು ಕಿಟಕಿಯ ಕಡೆ ನೋಡಿದರು. ಅದರ ಪಕ್ಕ ಕಾಳುಮೆಣಸು. ಮೆಣಸು ತೇವ ಎಂದು ವ್ಯಾಪಾರಿ ರೇಟು ಇಳಿಸುವ ಮೊದಲು ಹಿಡಿ ಮೆಣಸನ್ನು ಗುಟ್ಟಾಗಿ ಬಿಸಿಮಾಡಿ ನೋಡುತ್ತಿದ್ದವರು ಯಾರೆಂದು ಹೇಳಬೇಕಾಗಿಲ್ಲ, ಹಚ್ಚಲಿಕ್ಕೇ ಬಾರದವರು. ಕರಗಿ ಗಟ್ಟಿಯಾದ ಎಲಾಸ್ಟಿಕ್ಕಿನ ತುಂಡೊಂದು ಮಗನ ಹಾಕಿ ಸಾಕ್ಸಿನದು. ಮದ್ದು ಉದುರಿದ ಎರಡು ಬೆಂಕಿಕಡ್ಡಿಗಳೂ ಇದ್ದವು. ಮನೆ ಉರಿಯದೆ ಉಳಿದದ್ದು ಇಗ್ಗುತ್ತಪ್ಪನ ಕೃಪೆ. ಕೊನೆಗೆ ಮೂಲೆಯಲ್ಲಿ ಒಂದಿಷ್ಟು ಕಂದು ಬಣ್ಣದ ಪುಡಿ. ನನಗೆ ಅದು ಹೊಗೆಸೊಪ್ಪು ಎಂದು ವಾಸನೆಯಲ್ಲೇ ತಿಳಿಯಿತು. ಮಾವ ಸಿಗರೇಟು ಬಿಟ್ಟು ವರ್ಷಗಳಾದವು ಎಂಬುದು ಮನೆಯ ಅಧಿಕೃತ ನಿಲುವು. ತನಿಖಾಧಿಕಾರಿಗಳು ಆ ಪುಡಿಯನ್ನು ಬೆರಳಲ್ಲಿ ಒತ್ತಿ, ಬೆಳಕಿಗೆ ಹಿಡಿದು, "ಟೀಪುಡಿ" ಎಂದು ತೀರ್ಪು ಕೊಟ್ಟು ಕಿಟಕಿಯಿಂದಾಚೆ ಊದಿದರು.

ಅಂದರೆ ಕೇಕಿಗೆಂದು ತಂದ ಪೆಟ್ಟಿಗೆಯನ್ನು ಈ ಮನೆಯವರೆಲ್ಲ ಬಿಸಿಲು ಎಂದುಕೊಂಡು, ಒಬ್ಬರಿಗೊಬ್ಬರು ಗೊತ್ತಾಗದಂತೆ ಪಾಳಿಯಲ್ಲಿ ಬಳಸಿದ್ದರು. ನನಗೆ ಸಿಟ್ಟು ಬರಬೇಕಿತ್ತು. ನಮ್ಮ ಮನೆಯಲ್ಲಿ ಹಪ್ಪಳ ಮಾತ್ರ ಯಾಕೆ ಗರಿಗರಿ ಎಂಬ ಬಹಳ ದಿನದ ಸಂಶಯ ಪರಿಹಾರವಾದದ್ದಕ್ಕೆ ಸಮಾಧಾನವೇ ಹೆಚ್ಚಾಯಿತು.

ರಾಡು ಹೊರಬಂತು. ನಡುವೆ ಒಂದು ಕಡೆ ಬೊಕ್ಕೆ ಎದ್ದು ಒಡೆದಿತ್ತು, ಒಳಗಿನಿಂದ ಬಿಳಿ ಪುಡಿ ಉದುರುತ್ತಿತ್ತು. ಮಾವನಿಗೆ ಮೊಮ್ಮಗನಿಗೆ ಪಾಠ ಹೇಳುವ ಅವಕಾಶ ಒದಗಿತು; ಟೆಸ್ಟ್ ಇದ್ದವನನ್ನು ಕರೆಸಲಾಯಿತು. ನಾವು ರಾಡು ಎನ್ನುವ ಆ ಕೊಳವೆ ಬರೀ ಹೊದಿಕೆಯಂತೆ. ಒಳಗೆ ಸುರುಳಿ ಸುತ್ತಿದ ಸಪೂರ ತಂತಿಯೇ ನಿಜವಾದ ಒಲೆ. ಹೆಸರು ನಿಕ್ರೋಮ್, ಹತ್ತರಲ್ಲಿ ಎಂಟು ಪಾಲು ನಿಕ್ಕಲ್, ಎರಡು ಪಾಲು ಕ್ರೋಮಿಯಂ. ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬಾತ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಟೋಸ್ಟರಿನಿಂದ ಇಸ್ತ್ರಿಪೆಟ್ಟಿಗೆವರೆಗೆ ಹೆಚ್ಚಿನವು ಅದರ ಮೇಲೆಯೇ ನಡೆಯುತ್ತವೆ. ಕೆಂಪಗೆ ಕಾದಾಗ ಕ್ರೋಮಿಯಂ ಮೇಲ್ಮೈಯಲ್ಲಿ ತೆಳು ಪೊರೆ ಕಟ್ಟಿಕೊಂಡು ಒಳಗಿನ ಲೋಹ ಸುಟ್ಟುಹೋಗದಂತೆ ಕಾಯುತ್ತದೆ. ಆದರೆ ಕಾದು ಆರಿ, ಕಾದು ಆರಿ, ತಂತಿ ಹಿಗ್ಗಿ ಕುಗ್ಗುತ್ತಾ ಪೊರೆ ಬಿರಿಯುತ್ತದೆ, ಒಂದು ಕಡೆ ತಂತಿ ಸವೆಯುತ್ತದೆ, ಸವೆದಲ್ಲೇ ಹೆಚ್ಚು ಕಾಯುತ್ತದೆ, ಒಂದು ದಿನ ಅಲ್ಲೇ ಕಡಿಯುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಗಂಟೆಗೊಮ್ಮೆ ಕರೆಂಟು ಹೋಗಿ ಬರುವ ಊರಲ್ಲಿ ಕಾದು ಆರುವುದಕ್ಕೆ ಬರವೇ?

"ಆದರೆ ಒಂದು ರಾಡು ಹೋದರೆ ಎರಡೂ ಯಾಕೆ ತಣ್ಣಗಾದವು, ತಾತ?" ಮಗನ ಪ್ರಶ್ನೆ ಒಳ್ಳೆಯದಿತ್ತು. ಮಾವ ಹಳೇ ಮಲ್ಟಿಮೀಟರ್ ತಂದು, ತಂತಿ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆಂದು ಮುಟ್ಟಿಸಿ ನೋಡಿದರು. ಒಂದರಲ್ಲಿ ಮುಳ್ಳು 33 ಓಮ್‌ನ ಆಸುಪಾಸು ನಿಂತಿತು, ಒಡೆದದ್ದರಲ್ಲಿ ಅಲುಗಲೇ ಇಲ್ಲ. ಜೋಡಿ ರಾಡುಗಳು ಮಡಿಕೇರಿ ದಸರಾ ಮಂಟಪದ ಸೀರಿಯಲ್ ಬಲ್ಬಿನ ಹಾಗೆ ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡಿರುತ್ತವಂತೆ. 230 ವೋಲ್ಟನ್ನು ಇಬ್ಬರೂ 115ರಂತೆ ಹಂಚಿಕೊಂಡು ತಲಾ 400 ವ್ಯಾಟ್ ಕಾಯುತ್ತಾರೆ. ಒಬ್ಬ ಸತ್ತರೆ ಇನ್ನೊಬ್ಬನಿಗೂ ಅನ್ನವಿಲ್ಲ. ಅತ್ತೆ ಇದನ್ನು ಮಾತ್ರ ಗಮನವಿಟ್ಟು ಕೇಳಿ ಮಾವನ ಕಡೆ ಒಂದು ಸಲ ನೋಡಿದರು.

ಶುಕ್ರವಾರ ಮಡಿಕೇರಿ ಸಂತೆ. ತರಕಾರಿಗೆ ಹೋದ ಯಜಮಾನರು ರಾಡಿಗೂ ಹೋಗಿ ಬರಿಗೈಯಲ್ಲಿ ಬಂದರು. ಅವರು ಒಯ್ದದ್ದು ಮೊಬೈಲಿನಲ್ಲಿ ಓವನ್ನಿನ ಫೋಟೋ. ಅಂಗಡಿಯ ಕಾಕ ಅದನ್ನು ನೋಡಿ, "ಚೆಂದ ಉಂಟು. ರಾಡಿನ ಫೋಟೋ ನಾನೂ ಕಳಿಸ್ತೇನೆ, ಫಿಟ್ ಮಾಡ್ಕೊಳ್ಳಿ" ಎಂದರಂತೆ. ಮುಂದಿನ ಸಲ ಒಡೆದ ರಾಡನ್ನೇ ಕೊಡೆಯೊಳಗೆ ಸಿಕ್ಕಿಸಿಕೊಂಡು ನಾನು ಹೋದೆ. ಕಾಕ ಅದನ್ನು ಉದ್ದ ಅಳೆದು, ತುದಿಯ ಪಿಂಗಾಣಿ ಬಳೆ, ಸ್ಕ್ರೂ ಕೂರುವ ಜಾಗ ಎಲ್ಲ ನೋಡಿ, ಗೀಸರ್ ಕಾಯಿಲು ಇಸ್ತ್ರಿಪೆಟ್ಟಿಗೆ ಪ್ಲೇಟುಗಳ ರಾಶಿಯಿಂದ ಅಂಥದ್ದನ್ನೇ ಒಂದು ಎಳೆದು ತೆಗೆದರು. ಅಷ್ಟೇ ಉದ್ದದ್ದು ಇನ್ನೊಂದೂ ಇತ್ತು. "ಅದು 230ರದ್ದು, ಅಕ್ಕ. ಜೋಡಿಗೆ ಕಟ್ಟಿದರೆ ಎರಡೂ ಮಂಕು" ಎಂದು ಅದನ್ನು ಪಕ್ಕಕ್ಕಿಟ್ಟರು. ಮಾವ ಚೀಟಿಯಲ್ಲಿ ಬರೆದು ಕೊಟ್ಟ 33 ಸರಿಹೊಂದಿತು. ದುಡ್ಡು ಎಣಿಸುತ್ತಾ ಕಾಕ ಕೇಳಿದರು: "ನಿಮ್ಮಲ್ಲಿ ಇದರಲ್ಲಿ ಏನು ಒಣಗಿಸ್ತೀರಿ?"

ಏನು ಬೇಯಿಸ್ತೀರಿ ಎಂದಲ್ಲ. ನಮ್ಮ ಮನೆಯೊಂದೇ ಅಲ್ಲ ಎಂದು ಅಲ್ಲಿ ಖಾತ್ರಿಯಾಯಿತು.

ಹೊಸ ರಾಡು ಕೂರಿಸಲು ಸ್ಕ್ರೂ ಹುಡುಕಿದಷ್ಟು ಹೊತ್ತೂ ಹಿಡಿಯಲಿಲ್ಲ. ಮಾವ ವಯರು ಬಿಗಿದು, ಅರ್ಥ್ ವಯರನ್ನು ಎರಡೆರಡು ಸಲ ಎಳೆದು ನೋಡಿ, ಪ್ಲಗ್ ಚುಚ್ಚಿ, "ಹಾಕು" ಎಂದರು. ಮಗ ಸ್ವಿಚ್ ಹಾಕಿದ. ಇಡೀ ಮನೆ ಪಟ್ಟೆಂದು ಕತ್ತಲಾಯಿತು. ಒಳಗಿನ ಕೋಣೆಯಿಂದ ಅತ್ತೆಯ ದನಿ, "ಸರಿಯಾಗಿ ಅವಳು ಬಾಗಿಲು ತೆಗೆಯುವಾಗಲೇ ಆರಿಸಿದಿರಲ್ಲ!" ಧಾರಾವಾಹಿಯಲ್ಲಿ ಯಾವಳೋ ಬಾಗಿಲು ತೆಗೆಯುವುದರಲ್ಲಿದ್ದಳು. ಕೆಳಕ್ಕೆ ಬಿದ್ದದ್ದು ಇ.ಎಲ್.ಸಿ.ಬಿ., ಅಂದರೆ ಕರೆಂಟು ಸೋರಿದರೆ ತಾನಾಗಿಯೇ ಲೈನು ಕಡಿಯುವ ಸ್ವಿಚ್ಚು. ಎತ್ತಿ ಹಾಕಿದರೆ ಮತ್ತೆ ಬಿತ್ತು.

ತಪ್ಪು ಮಾವನದಲ್ಲ, ಮಳೆಯದು. ತಂತಿಗೂ ಕೊಳವೆಗೂ ನಡುವೆ ಒತ್ತಿ ತುಂಬಿದ ಆ ಬಿಳಿ ಪುಡಿ ಮೆಗ್ನೀಷಿಯಂ ಆಕ್ಸೈಡ್. ಶಾಖವನ್ನು ದಾಟಿಸುತ್ತದೆ, ಕರೆಂಟನ್ನು ದಾಟಿಸುವುದಿಲ್ಲ. ಇಂಥ ಸದ್ಗುಣಿಗೆ ಒಂದೇ ಚಟ, ಗಾಳಿಯ ತೇವ ಕುಡಿಯುವುದು. ಮಡಿಕೇರಿಯ ಅಂಗಡಿಯಲ್ಲಿ ಮಳೆಗಾಲ ಕಳೆದ ರಾಡು ಎಷ್ಟು ಕುಡಿದಿರಬೇಡ! ತೇವದ ಪುಡಿಯಿಂದ ಚೂರು ಕರೆಂಟು ಕೊಳವೆಗೆ ಸೋರಿ ಅರ್ಥಿಗೆ ಇಳಿಯುತ್ತದೆ. ಮನೆಗಳಲ್ಲಿ ಹಾಕುವ ಸಾಮಾನ್ಯ ಇ.ಎಲ್.ಸಿ.ಬಿ. ಬೀಳಲು 30 ಮಿಲಿಆಂಪಿಯರ್ ಸೋರಿದರೆ ಸಾಕು. ಅದು ಬಿದ್ದದ್ದೇ ಒಳ್ಳೆಯದು, ಇಲ್ಲದಿದ್ದರೆ ನಾವು ಬೀಳುತ್ತಿದ್ದೆವು.

"ಮದ್ದು ಸುಲಭ. ರಾಡನ್ನು ಹದ ಬಿಸಿಯಲ್ಲಿ ಕೆಲವು ಗಂಟೆ ಒಣಗಿಸಬೇಕು" ಎಂದರು ಮಾವ.

"ಎಲ್ಲಿ?"

"ಓವನ್ನಿನಲ್ಲಿ."

ಯಾರೂ ಮಾತಾಡಲಿಲ್ಲ. ಸೇನೆಯ ಕೈಪಿಡಿಯಲ್ಲಿ ಈ ಪರಿಸ್ಥಿತಿಗೆ ಏನೂ ಬರೆದಿರಲಿಲ್ಲವೆಂದು ಕಾಣುತ್ತದೆ. ಆಗ ಅತ್ತೆ ಟಾರ್ಚ್ ಹಿಡಿದು ಬಂದರು. "ಕೊಡಿ ಇಲ್ಲಿ. ಕರೆಂಟು ಬರುವ ಮೊದಲೂ ಈ ಊರಲ್ಲಿ ಮಳೆ ಇತ್ತು" ಎಂದು ರಾಡನ್ನು ಕಸಿದುಕೊಂಡು ಹಿಂದಿನ ಸೌದೆ ಒಲೆಯ ಕೋಣೆಗೆ ಹೋದರು. ಕೆಂಡ ಹರವಿ, ಅದರ ಮೇಲೆ ಒಣಮೀನು ಸುಡುವ ಕಂಬಿಬಲೆ ಇಟ್ಟು, ಬಲೆಯ ಮೇಲೆ ನನ್ನ ರಾಡನ್ನು ಮಲಗಿಸಿದರು. ರಾತ್ರಿಯೂ ಮರುದಿನವೂ ಅದು ಅಲ್ಲೇ. ಆಗಾಗ ಹೋಗಿ ಮಗುಚಿ ಹಾಕುತ್ತಿದ್ದರು. ಕಾಫಿಗೆ ಬಂದ ಪಕ್ಕದ ಮನೆಯವರು, ಇದೇನು ಅಕ್ಕಾ ಸುಡುತ್ತಿರುವುದು ಎಂದು ಕೇಳಿದ್ದಕ್ಕೆ, "ಸೊಸೆಯದ್ದು" ಎಂದಷ್ಟೇ ಹೇಳಿದರು. ಆ ಮನೆಯವರು ಈಗಲೂ ನನ್ನನ್ನು ಸ್ವಲ್ಪ ಅನುಕಂಪದಿಂದ ನೋಡುತ್ತಾರೆ.

ಎರಡನೇ ಸಲ ಸ್ವಿಚ್ ಹಾಕಿದಾಗ ಅತ್ತೆ ಟೀವಿ ಮುಂದೆಯೇ ಕೂತು, "ಈಗ ಬೀಳುವುದಿಲ್ಲ" ಎಂದರು. ಬೀಳಲಿಲ್ಲ. ಕೆಳಗಿನ ರಾಡುಗಳು ಮೆಲ್ಲಗೆ ಕೆಂಪೇರಿದವು. ಹೊಸ ರಾಡು ಮೊದಲ ಸಲ ಕಾದಾಗ ಹೊಗೆ ಬರುವುದುಂಟು, ಕಾರ್ಖಾನೆಯ ಎಣ್ಣೆ ಸುಡುವುದು. ನಮ್ಮದರಲ್ಲಿ ಅದರ ಜೊತೆಗೆ ಕಂಬಿಬಲೆಯ ವರ್ಷಗಟ್ಟಲೆಯ ಮೀನೂ ಸುಟ್ಟಿತು. ಮನೆಯಿಡೀ ಬಂಗುಡೆ ವಾಸನೆ. ಬೆಕ್ಕು ಗಾಜಿನ ಬಾಗಿಲ ಮುಂದೆ ಕೂತದ್ದು ಏಳಲಿಲ್ಲ.

ಇದೆಲ್ಲ ಮುಗಿಯುವಾಗ ಆಗಸ್ಟ್ 3 ಹತ್ತಿರ ಬಂದಿತ್ತು. ಅಂದು ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ನಮ್ಮ ಅರೆಭಾಷೆಯವರ ಆಟಿ ಹದಿನೆಂಟು. ಹದಿನೆಂಟು ಬಗೆಯ ಔಷಧ ಆ ದಿನ ಸೇರಿಕೊಳ್ಳುತ್ತದೆಂದು ನಂಬುವ ಮದ್ದು ಸೊಪ್ಪನ್ನು ಬೇಯಿಸಿ, ಆ ನೇರಳೆ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುವುದು. ಉಂಡವರ ಮೂತ್ರ ಮರುದಿನ ಕೆಂಪಗಾಗುವುದನ್ನು ಮೊದಲೇ ತಿಳಿಸದೆ ಬೆಂಗಳೂರಿನ ನೆಂಟರಿಗೆ ಬಡಿಸುವುದು ಇಲ್ಲಿಯ ಹಳೆಯ ತಮಾಷೆ. ಈ ಸಲ ನಾನು ಆ ನೀರಿನಲ್ಲೇ ಕೇಕ್ ಮಾಡುತ್ತೇನೆಂದು ಘೋಷಿಸಿದೆ. ಓವನ್ ನನ್ನದು ಎಂದು ಎಲ್ಲರಿಗೂ ಒಮ್ಮೆ ನೆನಪಿಸಬೇಕಿತ್ತು.

ಹಿಟ್ಟು ಚೆನ್ನಾಗಿಯೇ ಬಂದಿತ್ತು. ಇಟ್ಟೆ. ಹೇಳಿದಷ್ಟು ಹೊತ್ತು ಬಿಟ್ಟೆ, ಇನ್ನೂ ಅಷ್ಟೇ ಹೊತ್ತು ಬಿಟ್ಟೆ. ಕಡ್ಡಿ ಚುಚ್ಚಿದರೆ ಕಡ್ಡಿಯೇ ನೇರಳೆ. ಮೀಟರಿನ ರುಚಿ ಹತ್ತಿದ್ದ ಮಗ ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ಲಗ್ಗಿನಲ್ಲಿ ವೋಲ್ಟೇಜ್ ನೋಡಿದ. 170. ವೋಲ್ಟೇಜ್ ಇಳಿದರೆ ಶಾಖ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ ಎಂದು ಅವನೇ ಹಾಳೆಯಲ್ಲಿ ಗುಣಿಸಿ ತೋರಿಸಿದ: ನೂರರಲ್ಲಿ 54 ಭಾಗ ಮಾತ್ರ ಕೈಗೆ ಬರುತ್ತಿದೆ. ಹೊರಗೆ ಮಳೆ, ಎಲ್ಲರ ಮನೆಯಲ್ಲೂ ಗೀಸರ್, ಲೈನಿನ ತುದಿಗೆ ನಾವು.

ನಡು ಕುಸಿದ ಕೇಕನ್ನು ಅತ್ತೆ ಒಂದು ಕ್ಷಣ ನೋಡಿದರು. ಆಮೇಲೆ ಸೌಟು ತಂದು ಅದನ್ನು ಪಾತ್ರೆಗೆ ತೋಡಿ, ಕಾಯಿಹಾಲು ಸುರಿದು, ಸೌದೆ ಒಲೆಯ ಮೇಲೆ ಎರಡು ಕುದಿ ಕುದಿಸಿ, ಬಟ್ಟಲಿಗೆ ಬಡಿಸಿ, ಮೇಲೆ ಜೇನು ಬಿಟ್ಟರು. ನಿಜ ಹೇಳಬೇಕೆಂದರೆ ರುಚಿಯಾಗಿಯೇ ಇತ್ತು.

"ಪಾಯಸಕ್ಕೆ ಇಷ್ಟು ಕಷ್ಟಪಡುವವರನ್ನು ನಾನು ನೋಡಿರಲಿಲ್ಲ" ಎಂದರು.

ಮಾವ ಎರಡನೇ ಬಟ್ಟಲು ಮುಗಿಸಿ, ಬಾಯಿ ಒರೆಸಿಕೊಂಡು ನನ್ನ ಹತ್ತಿರ ಬಂದು ದನಿ ತಗ್ಗಿಸಿ, ಓವನ್ ಇನ್ನೂ ಬಿಸಿ ಇದೆಯಾ ಎಂದು ಕೇಳಿದರು. ಅವರ ಟೀಪುಡಿ ಒದ್ದೆಯಾಗಿತ್ತಂತೆ.