ತಿಮ್ಮಯ್ಯ ಸತ್ತಿದ್ದಕ್ಕೆ ದಾಖಲೆ ಇದೆಯಾ?

ಪೌತಿ ಖಾತೆ ಆಂದೋಲನದ, ಅಂದರೆ ಸತ್ತವರ ಹೆಸರಲ್ಲಿರುವ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಕೆಲಸದ, ಸುದ್ದಿ ನೀವೂ ಓದಿರುತ್ತೀರಿ. ಲಕ್ಷಾಂತರ ಪಹಣಿಗಳು ಇನ್ನೂ ಸತ್ತವರ ಹೆಸರಲ್ಲೇ ಇವೆಯಂತೆ. ಭೇಷ್! ಬದುಕಿದ್ದಾಗ ತಿರುಗಿ ನೋಡದ ರೈತನನ್ನು ಸತ್ತ ಮೇಲೆ ಇಷ್ಟು ಜೋಪಾನವಾಗಿ ಬದುಕಿಸಿಟ್ಟವರು ಬೇರೆ ಯಾರಿದ್ದಾರೆ ಹೇಳಿ? ಉಳುವ ಮೊಮ್ಮಗನಿಗೆ ಸಾಲ ಇಲ್ಲ, ಬೆಳೆ ಪರಿಹಾರ ಇಲ್ಲ. ಇರಲಿ, ಅಜ್ಜ ಅಮರ.

ಅಜ್ಜನ ಹೆಸರು ತಿಮ್ಮಯ್ಯ ಅನ್ನೋಣ. ಆತ ಹೋಗಿದ್ದು ಊರಿಗೆಲ್ಲ ಗೊತ್ತು. ತಿಥಿ ಊಟ ಮಾಡಿದವರೇ ಮಹಜರಿಗೆ ಸಹಿ ಹಾಕುವವರು. ಆದರೂ ಮರಣ ಪತ್ರ ಬೇಕು. 21 ದಿನದೊಳಗೆ ಬರೆಸಬೇಕಿತ್ತು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಇನ್ನು ಹಳೇ ಪಹಣಿಯಲ್ಲಿ 'ತಿಮ್ಮ ಬಿನ್ ಕೆಂಪ', ಕಂದಾಯ ರಸೀದಿಯಲ್ಲಿ ತಿಮ್ಮಯ್ಯ, ರೇಷನ್ ಕಾರ್ಡಲ್ಲಿ ತಿಮ್ಮೇಗೌಡ. ತ್ರಿಮೂರ್ತಿಗಳು ಒಂದೇ ಅಂತ ಕೈ ಮುಗಿಯುವ ನಾಡಿಗೆ ಈ ಮೂವರೂ ಒಬ್ಬನೇ ಅಂತ ನಂಬಲು ಛಾಪಾ ಕಾಗದ, ನೋಟರಿ ಮುದ್ರೆ ಬೇಕು!

ಹಿರಿಮಗ ಬೊಂಬಾಯಿಗೆ ಓಡಿಹೋದವನು ಕಾಗದ ಹಾಕಲಿಲ್ಲ. 7 ವರ್ಷ ಸುದ್ದಿ ಇಲ್ಲದವರು ಸತ್ತಿದ್ದಾರೆ ಅಂತ ಕಾನೂನು ಭಾವಿಸಬಹುದು. ಆದರೆ ಅದನ್ನು ಕೋರ್ಟಿನಲ್ಲಿ ಹೇಳಿಸಬೇಕು. ಕೇಸು ಮುಗಿಯುವ ಹೊತ್ತಿಗೆ ಅರ್ಜಿ ಹಾಕಿದವರ ಪೌತಿ ಖಾತೆಯೂ ಶುರುವಾಗಿರುತ್ತದೆ. ಜನಗಣತಿಯಲ್ಲಿ ಹುಡುಕೋಣ ಅಂದಿರಾ? ಬ್ರಿಟನ್ನಿನವರು 1921ರ ಮನೆ ಮನೆ ಪಟ್ಟಿಯನ್ನು 2022ರಲ್ಲಿ ಎಲ್ಲರಿಗೂ ತೆರೆದರು. ನಮ್ಮ 1948ರ ಜನಗಣತಿ ಕಾಯಿದೆಯಲ್ಲಿ ಅದು ಗುಟ್ಟು.

ಹಿಂದೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ. ಅಂಗಳದಲ್ಲಿ ನಿಂತು ಮುತ್ತಜ್ಜ ಯಾರು, ಯಾವ ಊರಿಂದ ಗುಳೆ ಬಂದ, ಯಾವ ಮಗ ಎಲ್ಲಿಗೆ ಹೋದ, ಎಲ್ಲಾ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಿದ್ದರು. ಈಗಲೂ ಕೆಲವು ಕಡೆ ಪುಸ್ತಕ ಹಿಡಿದು ಬರುತ್ತಾರೆ. ಶುಲ್ಕ ಒಂದಿಷ್ಟು ದವಸ. ಎತ್ತು ಡೌನ್ ಇದೆ, ನಾಳೆ ಬನ್ನಿ ಅಂತ ಒಬ್ಬ ಹೆಳವನೂ ಅಂದಿಲ್ಲ. ಅವರನ್ನೇ ನಾಡಕಚೇರಿಯಲ್ಲಿ ಕೂರಿಸಬಾರದಾ? ಸುಮ್ನೆ ಕೇಳಿದೆ. ಅವರಿಗೂ ಜಾತಿ ಪ್ರಮಾಣಪತ್ರಕ್ಕೆ ಅಲ್ಲೇ ಕ್ಯೂ ನಿಲ್ಲಬೇಕು.

ಆದರೆ ಖಾತೆ ಬದಲಾವಣೆಗೆ ಕೊಡುವ ವಂಶವೃಕ್ಷದಲ್ಲಿ ಎಷ್ಟು ಹುಡುಕಿದರೂ ಸಿಗದವರು ಬೊಂಬಾಯಿಯ ಮಗ ಅಲ್ಲ. ಪಕ್ಕದ ತಾಲ್ಲೂಕಿಗೆ ಮದುವೆಯಾಗಿ ಹೋದ ಮಗಳು. ತಿಮ್ಮಯ್ಯನಿಗೆ ಮೂರು ಗಂಡು, ಎರಡು ಹೆಣ್ಣು. ಕಾಗದದಲ್ಲಿ ಮೂರೇ. ಬರೆಸಿದವರಿಗೆ ಗೊತ್ತು, ಸಹಿ ಹಾಕಿದ ನೆರೆಯವರಿಗೂ ಗೊತ್ತು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದಿದ್ದು 1994ರಲ್ಲಿ, ಕೇಂದ್ರದ್ದು 2005ರಲ್ಲಿ. ಇನ್ನೂ ಮರೆತೇ ಹೋಯಿತು ಅನ್ನುತ್ತಾರೆ. ಇದಕ್ಕೆ ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಇದು ಕಳ್ಳತನ. ಮನೆಯವರೇ ಮಾಡುವ ಕಳ್ಳತನ, ಸರ್ಕಾರಿ ಮುದ್ರೆ ಹಾಕಿಸಿಕೊಂಡು.

ಎಲ್ಲಿ ತಕರಾರು ಅರ್ಜಿ ಹಾಕುತ್ತಾಳೋ ಅನ್ನುವ ಭಯ ಹುಟ್ಟಿದರೆ ಮಾತ್ರ ಅವಳ ಫೋನ್ ನಂಬರು ತಟ್ಟನೆ ಸಿಗುತ್ತದೆ. ಅರಿಶಿನ ಕುಂಕುಮ, ಸೀರೆ ಹಿಡಿದು ಕಾರಿನಲ್ಲೇ ಹೋಗಿ ಕರೆತರುತ್ತಾರೆ. ನನ್ನ ಪಾಲು ಬಿಟ್ಟುಕೊಟ್ಟೆ ಅನ್ನುವ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಸ್ಸು ಹತ್ತಿಸುತ್ತಾರೆ.