ಮನೆ ಕೊಳ್ಳುವವರ ಕಡೆ ನಿಲ್ಲುವ ಬ್ರೋಕರ್ ಬೇಕು

ದಾವಣಗೆರೆಯಲ್ಲಿ ಮನೆ ನೋಡಲು ಹೊರಟವರು ಬ್ರೋಕರ್‌ಗೆ ಮೊದಲು ಕೇಳಬೇಕಾದದ್ದು ರೇಟಲ್ಲ. "ನೀವು ಯಾರ ಕಡೆಯವರು?" ಅಂತ ಕೇಳಿ. "ಇಬ್ಬರ ಕಡೆಯೂ" ಅಂದರೆ, ನಿಮ್ಮ ಕಡೆ ಯಾರೂ ಇಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ.

ನಮ್ಮ ಎಪಿಎಂಸಿಯಲ್ಲಿ ರೈತನ ಪರವಾಗಿ ಮೆಕ್ಕೆಜೋಳ ಮಾರಿಕೊಡಲು ದಲಾಲರ ಅಂಗಡಿ ಇರುತ್ತದೆ. ಕೊಳ್ಳುವ ವ್ಯಾಪಾರಿ ಬೇರೆಯೇ ಬಂದು, ಕಾಳು ಅಂಗೈಯಲ್ಲಿ ಹಿಡಿದು ನೋಡಿ ದರ ಹಾಕುತ್ತಾನೆ. ಒಂದು ಚೀಲ ಜೋಳಕ್ಕಿರುವ ಈ ಏರ್ಪಾಡು 60 ಲಕ್ಷದ ಮನೆಗೆ ಇಲ್ಲ. ಮನೆ ವ್ಯವಹಾರದಲ್ಲಿ ಒಬ್ಬನೇ ಬ್ರೋಕರ್ ಎರಡೂ ಕಡೆ ಕಮಿಷನ್ ತಗೊಳ್ಳುತ್ತಾನೆ, ಅದೂ ಶೇಕಡಾ ಲೆಕ್ಕದಲ್ಲಿ. ಎಷ್ಟೋ ಸಲ ಮಾರುವವರು "ನನಗೆ 58 ಬರಲಿ, ಮೇಲಿನದ್ದು ನಿಂದು" ಅಂದಿರುತ್ತಾರೆ. ಆಗ ನೀವು ಚೌಕಾಸಿ ಮಾಡಿ ಇಳಿಸುವ ಪ್ರತಿ ರೂಪಾಯಿ ಅವನ ಜೇಬಿನದ್ದು. ಅವನು ಕೆಟ್ಟವನೇ ಆಗಬೇಕಿಲ್ಲ, ಲೆಕ್ಕವೇ ಹಾಗಿದೆ.

ಅದಕ್ಕೇ ನಿಮ್ಮದೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಶೇಕಡಾ ಬೇಡ, ನಿಗದಿತ ಮೊತ್ತ ಮಾತಾಡಿ ಕಾಗದದಲ್ಲಿ ಬರೆಸಿ. ಮಾರುವವರಿಂದ ಒಂದು ರೂಪಾಯಿಯನ್ನೂ ತಗೊಳ್ಳುವುದಿಲ್ಲ ಅನ್ನುವ ಮಾತು ಅದರಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಇದು: ನೋಡಿ, ವಿಚಾರಿಸಿ "ಈ ಮನೆ ಬೇಡ" ಅಂದರೂ ಅರ್ಧ ಹಣ ಅವರಿಗೆ ಸಲ್ಲಬೇಕು. ವ್ಯವಹಾರ ಕುದುರಿದರೆ ಮಾತ್ರ ದುಡ್ಡು ಅಂತಾದರೆ ಯಾರ ಬಾಯಲ್ಲೂ "ಬೇಡ" ಬರುವುದಿಲ್ಲ.

ಅವರು ಮಾಡಬೇಕಾದ ಮೊದಲ ಕೆಲಸ ಟೇಪು ಹಿಡಿಯುವುದು. ಪತ್ರದಲ್ಲಿ 30x40 ಇದ್ದರೂ ನಾಲ್ಕೂ ಬದಿ ಅಳೆಯಬೇಕು. ಉದ್ದ 38 ಅಡಿಯೇ ಸಿಕ್ಕರೆ 60 ಚದರ ಅಡಿ ಕಡಿಮೆ. ಅಡಿಗೆ 3,000 ಅಂದುಕೊಂಡರೂ 1.8 ಲಕ್ಷ ಹೋಯಿತು. ಪತ್ರದಲ್ಲಿ ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿ ಓದುತ್ತ ಸ್ಥಳದಲ್ಲೇ ನಿಂತು ಪೂರ್ವಕ್ಕೆ ಯಾರದ್ದು, ಪಶ್ಚಿಮಕ್ಕೆ ಯಾರದ್ದು ಅಂತ ನೆರೆಯವರನ್ನು ಕೇಳಬೇಕು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದನ್ನೂ ಅವರಿಂದಲೇ ತಿಳಿಯಬೇಕು, ಮಾರುವವರಿಂದಲ್ಲ. ಎರೆಭೂಮಿಯ ಮೇಲೆ ಕಟ್ಟಿದ ಮನೆಯಾದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕು, ಹಿಡಿದುಕೊಳ್ಳುವ ಬಾಗಿಲು ನೋಡಬೇಕು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಆಳವಿಲ್ಲದ ತಳಪಾಯ ಅದರ ಜತೆಗೇ ಅಲುಗುತ್ತದೆ. ಹೊಸ ಬಣ್ಣ ಹೊಡೆದಿದ್ದರೆ ಇನ್ನಷ್ಟು ಹತ್ತಿರದಿಂದ ನೋಡಿ.

ಆಮೇಲೆ ಕಾಗದ. 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಆದರೆ ಇಸಿಯಲ್ಲಿ ಬರುವುದು ನೋಂದಣಿಯಾದದ್ದು ಮಾತ್ರ. ನೋಂದಣಿಯಾಗದ ಕರಾರು, ಬಾಯಿಮಾತಿನ ವಿಭಾಗ, ಕೋರ್ಟಿನಲ್ಲಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಪಿತ್ರಾರ್ಜಿತವಾದರೆ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳ ಸಹಿಯೂ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಭದ್ರಾ ನಾಲೆಯ ಗದ್ದೆಗಳು ಲೇಔಟ್ ಆಗಿರುವ ನಮ್ಮ ಕಡೆ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ ಎರಡನ್ನೂ ನೋಡಲೇಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ ಎಷ್ಟೋ ವರ್ಷದ ಮೇಲೂ ಪ್ರಶ್ನೆ ಏಳಬಹುದು. ಇವುಗಳ ಬಗ್ಗೆ ಕೊನೆಯ ಮಾತು ವಕೀಲರದ್ದು. ಆದರೆ ವಕೀಲರು ಓದುವುದು ತಂದುಕೊಟ್ಟ ಕಾಗದವನ್ನು. ಯಾವ ಕಾಗದ ಬಂದಿಲ್ಲ ಅಂತ ಅಲೆದು ಹುಡುಕುವವರು ಬೇರೆಯೇ ಬೇಕು. "ಬ್ಯಾಂಕ್ ಸಾಲ ಕೊಟ್ಟಿದೆಯಲ್ಲ" ಅನ್ನುವ ಧೈರ್ಯವೂ ಸಾಲದು, ಬ್ಯಾಂಕಿನವರು ನೋಡುವುದು ತಮ್ಮ ಸಾಲದ ಭದ್ರತೆಯನ್ನು.

ಹೊಸ ಲೇಔಟ್ 500 ಚದರ ಮೀಟರ್ ದಾಟಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಅಲ್ಲಿ ಮಾರಿಸುವ ಏಜೆಂಟರಿಗೂ ರೇರಾ ನಂಬರ್ ಇರಬೇಕು. ಅಲ್ಲಿ ನೋಂದಾಯಿತ ಕರಾರಿಗೆ ಮೊದಲು ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಹಳೇ ಮನೆಯ ಮರುಮಾರಾಟಕ್ಕೆ ಈ ರಕ್ಷಣೆ ಇಲ್ಲ. ಹಾಗಾಗಿ ಸಂಚಕಾರ (ಮುಂಗಡ) ಕೊಡುವ ದಿನವೇ ಕರಾರಿನಲ್ಲಿ "ಹಕ್ಕಿನಲ್ಲಿ ದೋಷ ಕಂಡರೆ ಇಂತಿಷ್ಟು ದಿನದಲ್ಲಿ ಹಣ ವಾಪಸ್" ಅಂತ ಬರೆಸಿ, ಚೆಕ್ಕಿನಲ್ಲೇ ಕೊಡಿ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿಸಿಕೊಳ್ಳಿ. ನಗರದಲ್ಲಿ 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ಅಂದರೆ 3,36,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಅದು 1,20,000. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದ್ದು. ಮರೆತರೆ ಬಡ್ಡಿ ಬೀಳುವುದೂ ನಿಮ್ಮ ಮೇಲೇ.

ನೀವು ಗೊತ್ತು ಮಾಡಿಕೊಂಡವರಿಗೆ ಕೊಡಬೇಕಾದ ಕೊನೆಯ ಕಂತನ್ನು ನೋಂದಣಿ ದಿನ ಕೊಟ್ಟು ಮುಗಿಸಬೇಡಿ. ಪಾಲಿಕೆಯ ಇ-ಖಾತೆ, ಬೆಸ್ಕಾಂ ಮೀಟರ್, ನೀರಿನ ಕಂದಾಯ ಮೂರೂ ನಿಮ್ಮ ಹೆಸರಿಗೆ ಬಂದ ಮೇಲೆ ಕೊಡಿ.