ಲಾರ್ಡ್ಸ್‌ನಲ್ಲಿ ನೀರಾವರಿ ಇಲಾಖೆ

ಲಂಡನ್‌ಗೆ ಬರುವ ನೆಂಟರಲ್ಲಿ ಕ್ರಿಕೆಟ್ ಹುಚ್ಚಿದ್ದವರನ್ನು ಲಾರ್ಡ್ಸ್‌ಗೆ ಕರೆದುಕೊಂಡು ಹೋಗುವುದು ಸುಲಭ. 1983, ಕಪಿಲ್, ಬಾಲ್ಕನಿ ಅಂದರೆ ಸಾಕು, ಕಣ್ಣು ಒರೆಸಿಕೊಳ್ಳುತ್ತಾರೆ. ನಮ್ಮ ದೊಡ್ಡಪ್ಪ ಆ ಪೈಕಿ ಅಲ್ಲ. ಭದ್ರಾ ನಾಲೆಯ ಮೇಲೆ ಅರ್ಧ ಆಯಸ್ಸು ಕಳೆದು ರಿಟೈರ್ ಆದ ಎಂಜಿನಿಯರ್ ಅವರು.

1814ರಿಂದ ಇದೇ ಜಾಗದಲ್ಲಿ ಆಟ ನಡೆಯುತ್ತಿದೆ ಎಂದು ಗೈಡ್ ಶುರು ಮಾಡಿದರು. ದೊಡ್ಡಪ್ಪ ಒಂದು ಕಣ್ಣು ಮುಚ್ಚಿ ಮೈದಾನ ನೋಡುತ್ತಿದ್ದರು.

"ಲೋ, ಇದು ಲೆವೆಲ್ ಇಲ್ಲ ಕಣೋ."

ಇಲ್ಲ, ನಿಜ. ಒಂದು ಬದಿಯಿಂದ ಇನ್ನೊಂದಕ್ಕೆ ಸುಮಾರು 2.5 ಮೀಟರ್ ತಗ್ಗು. ಲಾರ್ಡ್ಸ್‌ನ ಇಳಿಜಾರು ಅಂತಲೇ ಅದಕ್ಕೆ ಹೆಸರು. ಪೆವಿಲಿಯನ್ ಕಡೆಯಿಂದ ಹಾಕಿದ ಬಾಲ್ ಬಲಗೈ ಬ್ಯಾಟ್ಸ್‌ಮನ್ ಒಳಕ್ಕೆ ನುಗ್ಗುತ್ತದೆ, ಆಚೆ ತುದಿಯಿಂದ ಹಾಕಿದ್ದು ಹೊರಕ್ಕೆ ಜಾರುತ್ತದೆ. ಇದನ್ನೆಲ್ಲ ಗೈಡ್ ಹೆಮ್ಮೆಯಿಂದ ಹೇಳಿದರು. ಹೇಳಬಾರದಿತ್ತು.

"ನಾಲೆಗೆ ಇಷ್ಟು ಇಳಿಜಾರು ಕೊಟ್ಟಿದ್ದರೆ ನನ್ನನ್ನ ಸಸ್ಪೆಂಡ್ ಮಾಡ್ತಿದ್ರು. ಇವರು ಟಿಕೆಟ್ ಇಟ್ಟು ತೋರಿಸ್ತಾರೆ! ಕೇಳು, ನೀರು ಎಲ್ಲಿಗೆ ಹೋಗುತ್ತೆ?"

ಕೇಳಿದೆ. 2002ರಲ್ಲಿ ಹಳೇ ಜೇಡಿಮಣ್ಣು ತೆಗೆದು ಮರಳು ಹಾಕಿದ ಕಥೆ ಬಂತು. ದೊಡ್ಡಪ್ಪನಿಗೆ ಅಲ್ಲಿಯವರೆಗೆ ಇಲ್ಲದ ಉತ್ಸಾಹ ಬಂತು. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ನೆಲದಡಿಯ ನೀರನ್ನು ಮೆಷಿನ್ನೇ ಹೀರುತ್ತದೆ, ಅದು ನಿಮ್ಮಲ್ಲಿ ಇದೆಯಾ ಎಂದು ನನ್ನ ಬಾಯಲ್ಲಿ ಕೇಳಿಸಿದರು. ಆಸ್ಟ್ರೇಲಿಯಾದಿಂದ ಬಂದ ಒಂದು ಕುಟುಂಬ ವಾಚ್ ನೋಡಿಕೊಳ್ಳತೊಡಗಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪೆವಿಲಿಯನ್ ಮುಂದಿನ ದಾರಿಯೂ ಇಳಿಜಾರೇ ಎಂದು ರುಜುವಾತು ಮಾಡಲು ದೊಡ್ಡಮ್ಮನ ಡಬ್ಬಿಯಿಂದ ಒಂದು ರವೆ ಉಂಡೆ ತೆಗೆದು ನೆಲಕ್ಕಿಟ್ಟರು. ದೊಡ್ಡಮ್ಮನ ಉಂಡೆ ಗಟ್ಟಿ. ಒಡೆಯಲಿಲ್ಲ, ಉರುಳಿತು. ಇಡೀ ಗುಂಪು ಅದನ್ನೇ ನೋಡುತ್ತಿತ್ತು. ಹೋಗಿ ಗೈಡ್ ಬೂಟಿಗೆ ತಾಗಿ ನಿಂತಿತು.

"ನೋಡಿದ್ಯಾ?" ಅಂದರು ದೊಡ್ಡಪ್ಪ.

"ರೀ, ತುಪ್ಪದ್ದು ರೀ ಅದು!" ಅಂದರು ದೊಡ್ಡಮ್ಮ.

ಡ್ರೆಸ್ಸಿಂಗ್ ರೂಮಿನ ಗೌರವ ಫಲಕದಲ್ಲಿ ಅವರನ್ನು ಹಿಡಿದು ನಿಲ್ಲಿಸಬಹುದು ಅಂದುಕೊಂಡೆ. ಇಲ್ಲಿ ಟೆಸ್ಟ್ ಶತಕ ಹೊಡೆದವರ, ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತವರ ಹೆಸರು ಅದರ ಮೇಲೇರುತ್ತದೆ. 1996ರಲ್ಲಿ ತಮ್ಮ ಮೊಟ್ಟಮೊದಲ ಟೆಸ್ಟಿನಲ್ಲಿ ಇಲ್ಲೇ 95ಕ್ಕೆ ಔಟಾದ ದ್ರಾವಿಡ್ ಹೆಸರು ಇಲ್ಲಿ ಏರಲು 2011 ಬರಬೇಕಾಯಿತು. ತೆಂಡೂಲ್ಕರ್ ಟೆಸ್ಟ್ ಶತಕ ಇಲ್ಲಿಲ್ಲ, ನಮ್ಮ ವೆಂಕಟೇಶ್ ಪ್ರಸಾದ್ ಐದು ವಿಕೆಟ್ ಇದೆ. ನನಗೆ ಇದನ್ನು ಹೇಳುವಾಗಲೆಲ್ಲ ಸುಮ್ನೆ ಖುಷಿ. 1979ರ ವಿಶ್ವನಾಥ್ ಹೆಸರು ತೋರಿಸಿ, "ನಿಮ್ಮ ಭದ್ರಾವತಿಯವರು, 113" ಅಂದೆ. ದೊಡ್ಡಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಈ ಬೋರ್ಡ್ ಮಾತ್ರ ಲೆವೆಲ್ಲಾಗಿ ಹೊಡೆದಿದ್ದಾರೆ."

ಮ್ಯೂಸಿಯಂನಲ್ಲಿ ಎಲ್ಲರೂ ಆಶಸ್ ಕುಡಿಕೆಯ ಸುತ್ತ, ಅಂದರೆ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಗೆ ಹೆಸರು ಕೊಟ್ಟ ಬೂದಿ ಕುಡಿಕೆಯ ಸುತ್ತ, ಮುತ್ತಿಕೊಂಡರು. ಅದು ಗೇಣುದ್ದವೂ ಇಲ್ಲ. ದೊಡ್ಡಮ್ಮ ಅತ್ತ ತಿರುಗಲಿಲ್ಲ, ಗುಬ್ಬಚ್ಚಿಯ ಮುಂದೆ ನಿಂತುಬಿಟ್ಟರು. 1936ರಲ್ಲಿ ಜಹಾಂಗೀರ್ ಖಾನ್ ಹಾಕಿದ ಬಾಲ್ ತಗುಲಿ ಸತ್ತ ಗುಬ್ಬಚ್ಚಿ ಅದು. ಒಳಗೆ ಏನೋ ತುಂಬಿ ಕಾಪಾಡಿದ್ದಾರೆ.

"ಕೊಂದಿದ್ದೂ ಅಲ್ಲದೆ, ಅದೇ ಬಾಲ್ ಮೇಲೆ ಕೂರಿಸಿದ್ದಾರಲ್ಲೋ! ಯಾಕಂತೆ, ಕೇಳು."

ಕೇಳಿದೆ. ಮಣ್ಣು, ಮರಳು, ಇಳಿಜಾರು ಎಲ್ಲಕ್ಕೂ ಉತ್ತರ ಕೊಟ್ಟಿದ್ದ ಗೈಡ್ ಗಂಟಲು ಸರಿ ಮಾಡಿಕೊಂಡು, ಗಿಫ್ಟ್ ಅಂಗಡಿ ಯಾವ ಕಡೆ ಅಂತ ತೋರಿಸಿದರು.